ಆಟ ಆಡಿಸೋಕೂ ಥೆರಪಿಸ್ಟ್ ಬೇಕಾ? ಅಕ್ಕನ ಮಗಳ ವಿಷಯ, ತಿಳಿದವರು ಹೇಳಿ

ಬನಶಂಕರಿ_ಚಿಕ್ಕಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಭಾವ ಈ ಬೇಸಿಗೆಯಲ್ಲಿ ತೀರಿಕೊಂಡರು. ಹಾರ್ಟ್ ಅಟ್ಯಾಕ್, ಮನೆಯಲ್ಲೇ, ರಾತ್ರಿ ಹೊತ್ತು. ಅಕ್ಕನಿಗೆ ಒಬ್ಬಳೇ ಮಗಳು, ಆರು ವರ್ಷ, ಒಂದನೇ ಕ್ಲಾಸು. ಆಂಬ್ಯುಲೆನ್ಸ್ ಬಂದಾಗ ಮಗು ಎದ್ದು ಬಂದು ಬಾಗಿಲ ಹತ್ತಿರ ನಿಂತಿತ್ತು ಅಂತ ಪಕ್ಕದ ಮನೆಯವರು ಆಮೇಲೆ ಹೇಳಿದರು. "ಅಪ್ಪ ದೇವರ ಊರಿಗೆ ಹೋಗಿದ್ದಾರೆ" ಅಂತ ಮನೆಯ ದೊಡ್ಡವರು ಅವಳಿಗೆ ಹೇಳಿದ್ದಾರೆ. ಅವಳು ಅತ್ತಿಲ್ಲ. ಅಪ್ಪನ ಮಾತೇ ಎತ್ತುವುದಿಲ್ಲ. ಆದರೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳೋದು ಮತ್ತೆ ಶುರುವಾಗಿದೆ, ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅನ್ನುತ್ತಾಳೆ.

ಮತ್ತೆ ಒಂದು ಆಟ. ಗೊಂಬೆಯನ್ನು ಮಲಗಿಸಿ, ಕೈ ಒರೆಸೋ ಟವೆಲ್ ತಂದು ತಲೆವರೆಗೂ ಹೊದಿಸಿ, ಬಾಯಲ್ಲೇ ಸೈರನ್ ಸದ್ದು ಮಾಡುತ್ತಾ ಮಂಚದ ಕೆಳಗೆ ತಳ್ಳುತ್ತಾಳೆ. ಆಮೇಲೆ ಹೊರಗೆ ಎಳೆದು ಮತ್ತೆ ಮೊದಲಿಂದ. ಭಾವನ ಅಮ್ಮ ಜೊತೆಯಲ್ಲೇ ಇದ್ದಾರೆ, ಮಗನನ್ನು ಕಳೆದುಕೊಂಡವರು, ಅವರ ಕೈಲಿ ಇದನ್ನು ನೋಡೋಕೆ ಆಗುತ್ತಿಲ್ಲ. "ಅಪಶಕುನದ ಆಟ" ಅಂತ ಗೊಂಬೆಯನ್ನು ಬೀರು ಮೇಲೆ ಎತ್ತಿಟ್ಟುಬಿಟ್ಟರು. ಈಗ ಮಗು ದಿಂಬು ಇಟ್ಟುಕೊಂಡು ಅದೇ ಆಟ ಆಡುತ್ತಿದೆ.

ಸ್ಕೂಲ್ ಕೌನ್ಸೆಲರ್ ಪ್ಲೇ ಥೆರಪಿಗೆ ಕರೆದುಕೊಂಡು ಹೋಗಿ ಅಂದರು. ಒಂದು ಕಡೆ ಹೋಗಿ ವಿಚಾರಿಸಿದೆವು. 20 ಸೆಷನ್ನಿನ ಪ್ಯಾಕೇಜ್, ದುಡ್ಡು ಪೂರ್ತಿ ಮೊದಲೇ ಕಟ್ಟಬೇಕು, ಒಳಗೆ ಏನು ನಡೆಯಿತು ಅಂತ ಕೇಳೋ ಹಾಗಿಲ್ಲ. ಏನು ಓದಿದ್ದೀರಿ ಅಂತ ಅಕ್ಕ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರು. ಇದರ ಮಧ್ಯೆ ನೆಂಟರೊಬ್ಬರು ಅವಳ ಚಿತ್ರದಲ್ಲಿ ಕಪ್ಪು ಬಣ್ಣ ಜಾಸ್ತಿ ಇರೋದು ನೋಡಿ "ಇದು ಡಿಪ್ರೆಶನ್" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದಾರೆ. ಅಕ್ಕ ಆ ರಾತ್ರಿ ಮಲಗಲೇ ಇಲ್ಲ.

ನಿಜವಾಗಿ ಒಳಗೆ ಏನು ಮಾಡುತ್ತಾರೆ? ಮನೆಯಲ್ಲೇ ಇಷ್ಟು ಆಟಿಕೆ ಇರುವಾಗ ದುಡ್ಡು ಕೊಟ್ಟು ಆಟ ಆಡಿಸಬೇಕಾ ಅಂತ ಅಜ್ಜಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಒಳ್ಳೆಯವರನ್ನು ಗುರುತಿಸೋದು ಹೇಗೆ?

ಮರಳುಪೆಟ್ಟಿಗೆ:

ಮೇಡಂ, ನಾನು ಬೆಂಗಳೂರಿನಲ್ಲೇ ಮಕ್ಕಳ ಜೊತೆ ಈ ಕೆಲಸ ಮಾಡುತ್ತೇನೆ. ಮೊದಲು ಒಂದು ಮಾತು: ಆ ಗೊಂಬೆಯನ್ನು ಬೀರುವಿನಿಂದ ಇಳಿಸಿ ಇವತ್ತೇ ಮಗುವಿಗೆ ವಾಪಸ್ ಕೊಡಿ. ಅದು ಅಪಶಕುನ ಅಲ್ಲ. ಅವಳು ಬಾಗಿಲಲ್ಲಿ ನಿಂತು ನೋಡಿದ್ದನ್ನು, ಯಾರೂ ಅವಳಿಗೆ ಬಿಡಿಸಿ ಹೇಳದೇ ಇರೋದನ್ನು, ತಾನೇ ಅರ್ಥ ಮಾಡಿಕೊಳ್ಳೋಕೆ ನೋಡುತ್ತಿದ್ದಾಳೆ. ಆರು ವರ್ಷದ ಮಗು ಎದುರು ಕೂತು "ನನಗೆ ಭಯ ಆಯಿತು" ಅಂತ ಹೇಳೋದಿಲ್ಲ. ಆಡಿ ಹೇಳುತ್ತದೆ.

ಒಳಗೆ ಏನು ನಡೆಯುತ್ತದೆ ಅಂದಿರಲ್ಲ. ಸಾಮಾನ್ಯವಾಗಿ ವಾರಕ್ಕೊಂದು ಸಲ, ಮುಕ್ಕಾಲು ಗಂಟೆ ಆಸುಪಾಸು, ಅದೇ ಕೋಣೆ, ಅದೇ ಸಾಮಾನು, ಅದೇ ವ್ಯಕ್ತಿ. ಆಟಿಕೆಗಳನ್ನು ಆರಿಸಿ ಇಟ್ಟಿರುತ್ತೇವೆ. ಗೊಂಬೆ ಮನೆ, ಡಾಕ್ಟರ್ ಸೆಟ್, ಆಂಬ್ಯುಲೆನ್ಸ್, ಆಟೋ, ಅಡುಗೆ ಸಾಮಾನು, ಹುಲಿ ಮೊಸಳೆ ಹಸು, ಕೈಗೊಂಬೆ, ಜೇಡಿಮಣ್ಣು, ಕ್ರೇಯಾನ್, ಮರಳಿನ ತಟ್ಟೆ. ನನ್ನ ಕೋಣೆಯಲ್ಲಿ ಅರ್ಧಕ್ಕರ್ಧ ಚನ್ನಪಟ್ಟಣದ್ದೇ. ಹೊರದೇಶದ ಗೊಂಬೆ ಸೆಟ್ಟಿನಲ್ಲಿ ಎಷ್ಟೋ ಸಲ ಅಪ್ಪ ಅಮ್ಮ ಇಬ್ಬರು ಮಕ್ಕಳು ಅಷ್ಟೇ ಇರುತ್ತಾರೆ, ಅಜ್ಜಿ ಇರುವುದೇ ಇಲ್ಲ. ನಮ್ಮ ಮಕ್ಕಳ ಮನೆಕಥೆಯಲ್ಲಿ ಅಜ್ಜಿ ಇಲ್ಲದಿದ್ದರೆ ಹೇಗೆ ಹೇಳಿ? ಅದನ್ನು ಹುಡುಕಿ ತಂದು ಇಡಬೇಕು.

ವ್ಯತ್ಯಾಸ ಇರೋದು ದೊಡ್ಡವರು ಹೇಗೆ ಇರುತ್ತಾರೆ ಅನ್ನೋದರಲ್ಲಿ. ಮಗು ಕಾರನ್ನು ಮರಳಲ್ಲಿ ಹೂತಿತು ಅಂದುಕೊಳ್ಳಿ. ಮನೆಯಲ್ಲಾದರೆ "ಅಯ್ಯೋ ಯಾಕೆ ಪುಟ್ಟಾ? ಒಳಗೆ ಯಾರಿದ್ದಾರೆ? ತೆಗಿ ತೆಗಿ" ಅನ್ನುತ್ತೇವೆ. ಅಲ್ಲಿ ಥೆರಪಿಸ್ಟ್ ಹೇಳೋದು ಇಷ್ಟೇ: "ಕಾರು ಪೂರ್ತಿ ಮುಚ್ಚಿಹೋಯಿತು. ಈಗ ಯಾರಿಗೂ ಕಾಣಲ್ಲ." ಮಗು ತಲೆ ಎತ್ತಿ ಒಂದು ಸಲ ನೋಡುತ್ತದೆ. ಇವರು ಬೈಯಲಿಲ್ಲ, ಹೆದರಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ ಅಂತ ಗೊತ್ತಾಗುತ್ತದೆ. ಮುಂದಿನದು ತಾನಾಗಿ ಬರುತ್ತದೆ, ಒಂದೊಂದು ಸಲ ವಾರಗಳೇ ಹಿಡಿಯುತ್ತವೆ. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಮರಳು ಎರಚಿದರೆ "ನಿನಗೆ ತುಂಬಾ ಸಿಟ್ಟು ಬಂದಿದೆ. ನನ್ನ ಮೇಲೆ ಎರಚೋ ಹಾಗಿಲ್ಲ. ಆ ಬುಟ್ಟಿಗೆ ಬೇಕಾದರೆ ಎಸೆ" ಅಂತ ಹೇಳುತ್ತೇವೆ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಇದಕ್ಕೆ ಎಂಟು ಸೂತ್ರ ಬರೆದಿಟ್ಟಿದ್ದಾರೆ, ಮಗುವಿನ ಆಟವನ್ನು ನಾವು ನಡೆಸಬಾರದು, ಅವಸರ ಮಾಡಬಾರದು ಅನ್ನೋದು ಅದರಲ್ಲಿದೆ.

ಈಗ ಮನೆಯಲ್ಲಿ ಗಮನಿಸಬೇಕಾದ ವಿಷಯ. ಒಂದೇ ಆಟ ಮತ್ತೆ ಮತ್ತೆ ಆಡೋದು ತಪ್ಪಲ್ಲ. ಆದರೆ ಆಟ ಬದಲಾಗುತ್ತಾ ಹೋಗುತ್ತಿದೆಯಾ ನೋಡಿ. ಗೊಂಬೆಗೆ ನೀರು ಕುಡಿಸಿದಳಾ, ಡಾಕ್ಟರ್ ಬಂದರಾ, ಯಾರಾದರೂ ಅತ್ತರಾ? ಹಾಗಾದರೆ ಅವಳು ಮುಂದೆ ಹೋಗುತ್ತಿದ್ದಾಳೆ. ಚೂರೂ ಬದಲಾಗದೆ ಅದೇ ಸೈರನ್, ಅದೇ ಮಂಚದ ಕೆಳಗೆ, ಆಡಿದ ಮೇಲೂ ಮುಖದಲ್ಲಿ ನಿರಾಳ ಇಲ್ಲ ಅಂದರೆ ಆಟ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಅನ್ನೋ ಊರಲ್ಲಿ ಸ್ಕೂಲ್ ಬಸ್ಸಿನಲ್ಲಿದ್ದ 26 ಮಕ್ಕಳನ್ನು ಅಪಹರಿಸಿ ನೆಲದಡಿ ಹೂತಿಟ್ಟಿದ್ದರು, ಎಲ್ಲರೂ ಬದುಕಿ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ನೋಡಿದ ಮನೋವೈದ್ಯೆ ಲೆನೋರ್ ಟೆರ್ ಇಂಥ ಆಟದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಎಷ್ಟು ಆಡಿದರೂ ಮಗುವಿಗೆ ಸಮಾಧಾನ ಕೊಡದ ಆಟ ಅದು. ನಿಮ್ಮ ಅಜ್ಜಿಗೆ ಉತ್ತರ ಇದೇ. ಆಟಿಕೆ ಮನೆಯಲ್ಲಿದೆ, ನಿಜ. ಸಿಕ್ಕಿಹಾಕಿಕೊಂಡ ಆಟದಿಂದ ಮಗುವನ್ನು ಮೆಲ್ಲಗೆ ಹೊರಗೆ ತರೋಕೆ ಪಕ್ಕದಲ್ಲಿ ಕಲಿತವರೊಬ್ಬರು ಕೂರಬೇಕು.

ಒಳಗಿನದು ಕೇಳಬಾರದು ಅಂದರಲ್ಲ, ಅದು ಅರ್ಧ ಸರಿ. ಮಗು ಆಡಿದ್ದನ್ನೆಲ್ಲ ನಾವು ವರದಿ ಒಪ್ಪಿಸುವುದಿಲ್ಲ, ಒಪ್ಪಿಸಿದರೆ ಮಗು ಮುಂದಿನ ವಾರ ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಹೇಗೆ ಸಾಗುತ್ತಿದೆ, ಮನೆಯಲ್ಲಿ ಏನು ಬದಲಾಯಿಸಬೇಕು ಅಂತ ಆಗಾಗ ಅಮ್ಮನ ಜೊತೆ ಕೂತು ಮಾತಾಡಲೇಬೇಕು. ಮಾತಾಡದೇ ಇರೋರ ಹತ್ತಿರ ಹೋಗಬೇಡಿ.

ವಿಜಯನಗರ_ಅಪ್ಪ:

ನಮ್ಮ ಮಗ ಸುಟ್ಟಗಾಯಕ್ಕೆ ಬಹಳ ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ಬಿಳಿ ಕೋಟು ಕಂಡರೆ ಚೀರುತ್ತಿದ್ದ, ನನ್ನ ಹೆಂಡತಿ ಬಾತ್‌ರೂಮಿಗೆ ಹೋದರೂ ಬಾಗಿಲ ಮುಂದೆ ಕೂರುತ್ತಿದ್ದ. ಥೆರಪಿಸ್ಟ್ ಅವನ ಜೊತೆ ಕೆಲಸ ಮಾಡಿದರು, ಜೊತೆಗೆ ನಮಗೂ ಆಟ ಆಡೋದು ಕಲಿಸಿದರು. ಅದಕ್ಕೆ ಫಿಲಿಯಲ್ ಥೆರಪಿ ಅಂತಾರೆ, 1960ರ ದಶಕದಲ್ಲಿ ಗರ್ನಿ ಅನ್ನೋ ದಂಪತಿ ಶುರು ಮಾಡಿದ್ದಂತೆ. ನನ್ನ ಪ್ರಕಾರ ನಮ್ಮ ಮನೆಯನ್ನು ಎತ್ತಿ ನಿಲ್ಲಿಸಿದ್ದು ಅದೇ.

ವಾರಕ್ಕೆ ಅರ್ಧ ಗಂಟೆ. ಆ ಹೊತ್ತಿಗೆ ಮಾತ್ರ ತೆಗೆಯೋ ಒಂದು ಚೀಲ ಆಟಿಕೆ. ಫೋನು ಬೇರೆ ಕೋಣೆಯಲ್ಲಿ. ಅವನು ಹೇಳಿದ ಹಾಗೆ ನಾನು ಆಡಬೇಕು, ನಾನು ಹೇಳಿಕೊಡೋ ಹಾಗಿಲ್ಲ. ಕೇಳೋಕೆ ಸುಲಭ. ಮಗು ಹಸುವಿಗೆ ನೀಲಿ ಬಣ್ಣ ಬಳಿದರೆ "ಹಸು ನೀಲಿ ಇರಲ್ಲ ಕಂದ" ಅಂತ ಬಾಯಿಗೆ ಬಂದೇ ಬರುತ್ತದೆ, ಒಂದು ಎರಡು ಎಣಿಸು ಅನ್ನಬೇಕು ಅನಿಸುತ್ತದೆ, ನಾವು ಅಪ್ಪಂದಿರಿಗೆ ಪಾಠ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಒಂದು ಶನಿವಾರ ಅವನು ಡಾಕ್ಟರ್ ಆಗಿ ನನ್ನ ಕೈಗೆ ಬ್ಯಾಂಡೇಜ್ ಸುತ್ತಿದ. ಬಿಗಿಯಾಗಿ ಸುತ್ತಿ, "ಅಳಬೇಡ, ಅತ್ತರೆ ಅಮ್ಮನ್ನ ಹೊರಗೆ ಕಳಿಸ್ತೀನಿ" ಅಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವಾಗ ಅವನಿಗೆ ಯಾರೋ ಹಾಗೆ ಹೇಳಿದ್ದರು ಅಂತ ನಮಗೆ ತಿಳಿದಿದ್ದೇ ಆ ಆಟದಿಂದ. ಬಾತ್‌ರೂಮ್ ಬಾಗಿಲಲ್ಲಿ ಯಾಕೆ ಕೂರುತ್ತಾನೆ ಅಂತ ಆಗ ಗೊತ್ತಾಯಿತು.

ನಿಮ್ಮ ಅಕ್ಕ ಇದನ್ನು ಕಲಿಯಲಿ. ಅವರಿಗೆ ಈಗ ಶಕ್ತಿ ಇಲ್ಲದಿದ್ದರೆ ನೀವು ಕಲಿಯಿರಿ, ಚಿಕ್ಕಮ್ಮ ಅಲ್ವಾ.

ಬಣ್ಣದ_ಮೇಷ್ಟ್ರು:

ಕಪ್ಪು ಬಣ್ಣದ ವಿಷಯಕ್ಕೆ ಮಾತ್ರ ಬಂದೆ. ದಯವಿಟ್ಟು ಆ ಮೆಸೇಜನ್ನು ಮರೆತುಬಿಡಿ ಅಂತ ನಿಮ್ಮ ಅಕ್ಕನಿಗೆ ಹೇಳಿ. ಕಪ್ಪು ಅಂದರೆ ಡಿಪ್ರೆಶನ್, ಕೈ ಬರೆಯದಿದ್ದರೆ ಹೀಗೆ, ದೊಡ್ಡ ಹಲ್ಲು ಬರೆದರೆ ಹಾಗೆ ಅಂತ ಪಟ್ಟಿ ಇಟ್ಟುಕೊಂಡು ಚಿತ್ರ ಓದೋದು ತಪ್ಪು. ಮಗುವಿಗೆ ಕಪ್ಪು ಇಷ್ಟ ಇರಬಹುದು, ಕಪ್ಪು ಚೆನ್ನಾಗಿ ಎದ್ದು ಕಾಣುತ್ತದೆ, ಬೇರೆ ಕ್ರೇಯಾನ್ ಮುರಿದಿರಬಹುದು. ಆರ್ಟ್ ಥೆರಪಿ ಕಲಿತವರು ಚಿತ್ರ ನೋಡಿ ತೀರ್ಪು ಕೊಡುವುದಿಲ್ಲ, "ಇದರ ಬಗ್ಗೆ ಹೇಳುತ್ತೀಯಾ?" ಅಂತ ಮಗುವನ್ನೇ ಕೇಳುತ್ತಾರೆ. ಮಗು ಹೇಗೆ ಬರೆಯಿತು ಅನ್ನೋದನ್ನೂ ನೋಡುತ್ತಾರೆ, ಹಾಳೆ ಹರಿಯೋ ಹಾಗೆ ಒತ್ತಿ ತಿಕ್ಕಿತಾ, ಬರೆದು ಅಳಿಸಿತಾ, ಮುಗಿಸಿ ಮಡಚಿ ಬಚ್ಚಿಟ್ಟಿತಾ ಅಂತ.

ನಾನು ಡ್ರಾಯಿಂಗ್ ಕ್ಲಾಸ್ ನಡೆಸುತ್ತೇನೆ, ಥೆರಪಿಸ್ಟ್ ಅಲ್ಲ, ಎರಡೂ ಬೇರೆ. ನನ್ನ ಕ್ಲಾಸಿನಲ್ಲಿ ಚಿತ್ರ ಚೆನ್ನಾಗಿ ಬರಬೇಕು, ಅಲ್ಲಿ ಬರಬೇಕಾಗಿಲ್ಲ. ಒಂದು ಕುಟುಂಬದ ಸೆಷನ್ನಿಗೆ ಸಾಮಾನು ಹೊಂದಿಸಿಕೊಡೋಕೆ ಹೋಗಿ, ಅವರು ಒಪ್ಪಿದ್ದರಿಂದ ಕೂತು ನೋಡಿದ್ದೆ. ನೆಲದ ಮೇಲೆ ದೊಡ್ಡ ಹಾಳೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಮಾತಾಡದೆ ಎಲ್ಲರೂ ಒಟ್ಟಿಗೆ ಬರೆಯಬೇಕು. ಅಪ್ಪ ನಡುವೆ ದೊಡ್ಡದಾಗಿ ಮನೆ ಬರೆದರು. ಹುಡುಗಿ ಮೂಲೆಯಲ್ಲಿ ಪುಟ್ಟ ದೋಣಿ ಬರೆದಳು. ಆಮೇಲೆ ಅಮ್ಮ ಯಾರೂ ಹೇಳದೆ ದೋಣಿಯಿಂದ ಮನೆವರೆಗೆ ನೀರು ಎಳೆದರು, ಹುಡುಗಿ ಅದನ್ನು ನೋಡಿ ತನ್ನ ಬಣ್ಣದಲ್ಲಿ ಮೀನು ಹಾಕುತ್ತಾ ಬಂದಳು. ಆ ಮನೆಯವರು ಬಾಯಿಬಿಟ್ಟು ಹೇಳದೇ ಇದ್ದ ಎಷ್ಟೋ ವಿಷಯ ಆ ಹಾಳೆಯಲ್ಲಿತ್ತು, ಮಾತು ಅಲ್ಲಿಂದ ಶುರುವಾಯಿತು. ನಿಮ್ಮ ಮನೆಯಲ್ಲಿ ಅಜ್ಜಿ, ಅಕ್ಕ, ಮಗು ಮೂವರೂ ಒಂದೇ ದುಃಖವನ್ನು ಬೇರೆ ಬೇರೆಯಾಗಿ ಹೊರುತ್ತಿದ್ದಾರೆ ಅನಿಸುತ್ತದೆ.

ಹೊಸೂರುರಸ್ತೆ:

ಮಕ್ಕಳ ಮಾನಸಿಕ ಆರೋಗ್ಯದ ಕಡೆ ಸೋಶಿಯಲ್ ವರ್ಕರ್ ಆಗಿ ಇದ್ದೇನೆ. ಮೊದಲು ಹಾಸಿಗೆ ಒದ್ದೆ ಮತ್ತು ಹೊಟ್ಟೆನೋವಿಗೆ ಮಕ್ಕಳ ಡಾಕ್ಟರಿಗೆ ತೋರಿಸಿ. ದುಃಖದಿಂದಲೇ ಇರಬಹುದು, ಆದರೆ ಮೂತ್ರದ ಸೋಂಕು, ಮಲಬದ್ಧತೆ ಇದ್ದರೂ ಹೀಗಾಗುತ್ತದೆ.

20 ಸೆಷನ್ನಿನ ದುಡ್ಡು ಮುಂಗಡ ಕೊಡಬೇಡಿ. ಮಗುವನ್ನು ನೋಡುವ ಮೊದಲೇ 20 ಬೇಕು ಅಂತ ಅವರಿಗೆ ಹೇಗೆ ಗೊತ್ತಾಯಿತು? ಓದು ಕೇಳೋದು ನಿಮ್ಮ ಹಕ್ಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು, ನಂಬರ್ ಕೇಳಿ. ಬೇರೆ ಹಿನ್ನೆಲೆಯವರಾದರೆ ಮೂಲ ಡಿಗ್ರಿ ಯಾವುದು, ಮಕ್ಕಳ ಜೊತೆ ತರಬೇತಿ ಎಲ್ಲಿ ಆಯಿತು, ಈಗ ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಅಂತ ಕೇಳಿ. ಒಳ್ಳೆಯವರು ಸಿಟ್ಟಾಗುವುದಿಲ್ಲ. ಮಗು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ ಅಂತ ಮಾತು ಕೊಡುವವರನ್ನೂ ನಂಬಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಅವರು ಮೊದಲ ದಿನವೇ ಹೇಳಬೇಕು.

ದುಡ್ಡಿನ ಚಿಂತೆ ಇದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಅಂತ ಪ್ರತ್ಯೇಕ ವಿಭಾಗ ಇದೆ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ ಕಟ್ಟಿಕೊಳ್ಳಿ. ಅಲ್ಲಿವರೆಗೆ ಅಕ್ಕನಿಗೆ ತಡೆಯೋಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಲಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಕ್ಕನನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಇಲ್ಲಿ ಯಾರೂ ಕೇಳಲಿಲ್ಲ, ನಾನು ಕೇಳುತ್ತಿದ್ದೇನೆ.

ಇನ್ನೊಂದು, ಆಟವೇ ಎಲ್ಲದಕ್ಕೂ ಮದ್ದಲ್ಲ. ಸ್ಕೂಲಿನಲ್ಲಿ ಮಾತೇ ಆಡದ ಮಕ್ಕಳಿಗೆ, ಪದೇ ಪದೇ ಕೈ ತೊಳೆಯೋ ಮಕ್ಕಳಿಗೆ ಬೇರೆ ವಿಧಾನಗಳು ಬೇಕಾಗುತ್ತವೆ. ಆದರೆ 2005ರಲ್ಲಿ ಅಮೆರಿಕದ ಸಂಶೋಧಕರು 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪ್ಲೇ ಥೆರಪಿಯಿಂದ ಚೆನ್ನಾಗಿಯೇ ಉಪಯೋಗ ಆಗಿದ್ದು ಕಂಡಿತ್ತು, ತಂದೆತಾಯಿಯನ್ನು ಸೇರಿಸಿಕೊಂಡ ಕಡೆ ಇನ್ನೂ ಜಾಸ್ತಿ. ವಿಜಯನಗರದ ಸರ್ ಹೇಳಿದ್ದು ಅದೇ.

ಬನಶಂಕರಿ_ಚಿಕ್ಕಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಗೊಂಬೆ ವಾಪಸ್ ಕೊಟ್ಟಿದ್ದೇವೆ. ಡಾಕ್ಟರಿಗೆ ನಾಳೆ ತೋರಿಸುತ್ತೇವೆ, ನಿಮ್ಹಾನ್ಸ್‌ಗೆ ಮುಂದಿನ ವಾರ. ಇನ್ನು ಎರಡೇ ಪ್ರಶ್ನೆ. "ದೇವರ ಊರು" ಅಂತ ಹೇಳಿರೋದನ್ನು ಈಗ ಬದಲಾಯಿಸಬೇಕಾ? ಅಜ್ಜಿಯನ್ನೂ ಕರೆದುಕೊಂಡು ಹೋಗಬಹುದಾ?

ಮರಳುಪೆಟ್ಟಿಗೆ:

ಬದಲಾಯಿಸಿ. ಊರಿಗೆ ಹೋದವರು ವಾಪಸ್ ಬರುತ್ತಾರೆ, ಮಗು ಕಾಯುತ್ತಾ ಇರುತ್ತದೆ. ಮಲಗಿದ್ದಾರೆ ಅಂತಲೂ ಹೇಳಬೇಡಿ, ರಾತ್ರಿ ಮಲಗೋಕೆ ಹೆದರುತ್ತದೆ. ಸತ್ತವರು ಮತ್ತೆ ಬರುವುದಿಲ್ಲ ಅನ್ನೋದು ಮಕ್ಕಳಿಗೆ ಸರಿಯಾಗಿ ಹೊಳೆಯೋದು ಹೆಚ್ಚುಕಡಿಮೆ ಐದರಿಂದ ಏಳು ವರ್ಷದೊಳಗೆ. ಇವಳು ಸರಿಯಾಗಿ ಆ ವಯಸ್ಸಿನಲ್ಲಿದ್ದಾಳೆ. ಅಕ್ಕ ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಲಿ: "ಅಪ್ಪ ಸತ್ತುಹೋದರು. ಅವರ ಹೃದಯ ನಿಂತುಹೋಯಿತು, ಡಾಕ್ಟರಿಗೂ ಸರಿ ಮಾಡೋಕೆ ಆಗಲಿಲ್ಲ. ಅವರು ಮತ್ತೆ ಬರೋದಿಲ್ಲ. ನೀನು ಮಾಡಿದ್ದರಿಂದ, ಹೇಳಿದ್ದರಿಂದ ಹಾಗೆ ಆಗಲಿಲ್ಲ." ಕೊನೆಯ ವಾಕ್ಯ ಬಿಡಬೇಡಿ. ನಾನು ಹಟ ಮಾಡಿದ್ದಕ್ಕೆ ಅಪ್ಪ ಹೋದರು ಅಂತ ಅಂದುಕೊಂಡಿರೋ ಮಕ್ಕಳು ತುಂಬಾ ಜನ. ಹೇಳುವಾಗ ಅಕ್ಕನಿಗೆ ಅಳು ಬಂದರೆ ಅಳಲಿ. ದೇವರ ಮೇಲಿನ ನಂಬಿಕೆಯ ಮಾತು ಅದರ ಜೊತೆಗೆ ಬರಲಿ, ಅದರ ಬದಲಿಗೆ ಬೇಡ.

ಅಜ್ಜಿ ಖಂಡಿತ ಬರಲಿ. ಮೊದಲ ಭೇಟಿಯಲ್ಲಿ ಮಗು ಇಲ್ಲದೆ ದೊಡ್ಡವರ ಜೊತೆ ಮಾತ್ರ ಮಾತಾಡೋಕೆ ಸ್ವಲ್ಪ ಸಮಯ ಕೊಡಿ ಅಂತ ಕೇಳಿಕೊಳ್ಳಿ. ಅವರೂ ಮಗನ ಬಗ್ಗೆ ಹೇಳಿಕೊಳ್ಳಬೇಕು. ಆಮೇಲೆ ಕುಟುಂಬದ ಸೆಷನ್ನಿಗೆ ಮೂವರೂ ಹೋಗಿ. ಮನೆಯಲ್ಲಿ ಆ ಆಟ ನಡೆಯುವಾಗ ಅಜ್ಜಿಗೆ ನೋಡೋಕೆ ಕಷ್ಟವಾದರೆ ಅವರು ಎದ್ದು ಒಳಗೆ ಹೋಗಲಿ, ನೀವು ಮಗುವಿನ ಪಕ್ಕ ಕೂತಿರಿ.