ಮಾಯಾ ನಾಗರಿಕತೆಯ ವಿಷಯದಲ್ಲಿ ‘ಪತನ’, ‘ಬರ’, ‘ಗುಳೆ’: ಬಳಕೆಯ ಕುರಿತು ಒಂದು ಪ್ರಶ್ನೆ

ಮಧ್ಯ ಅಮೆರಿಕದ ಮಾಯಾ ನಾಗರಿಕತೆಯ ಮೇಲಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂಬತ್ತನೆಯ ಶತಮಾನದ ಸುಮಾರಿಗೆ ಅದರ ದಕ್ಷಿಣದ ನಗರಗಳು ಬರಿದಾದದ್ದನ್ನು ಹೇಳುವ ಇಂಗ್ಲಿಷಿನ ‘ಕೊಲ್ಯಾಪ್ಸ್’ ಎಂಬುದಕ್ಕೆ ಮೊದಲು ‘ಪತನ’ ಎಂದು ಬರೆದು, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಹೊಡೆದುಹಾಕಿದೆ. ಪತನ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು 1565ರ ವಿಜಯನಗರ: ಒಂದು ಯುದ್ಧ, ಎದುರಿಗೆ ಶತ್ರುಸೈನ್ಯ, ಆಮೇಲೆ ಹಾಳು ಹಂಪೆ. (ಅರವೀಡು ಅರಸರು ಅನಂತರವೂ ಪೆನುಕೊಂಡದಿಂದ ಆಳಿದ್ದರಿಂದ ಅಲ್ಲಿಯೂ ಆ ಪದ ಪೂರ್ತಿ ಒಪ್ಪುವುದಿಲ್ಲ.)

ಮಾಯಾ ನಗರಗಳಿಗೆ ಅಂಥ ಒಂದು ದಿನವಿಲ್ಲ. ಹೊಂಡುರಾಸ್‌ನ ಕೋಪಾನ್‌ನಲ್ಲಿ ಕ್ರಿ.ಶ. 822ರ ಒಂದು ಚೌಕ ಶಿಲಾಪೀಠವಿದೆ. ಅದರ ಒಂದು ಮುಖವನ್ನು ಶಿಲ್ಪಿ ಪೂರ್ತಿ ಕೆತ್ತಿದ್ದಾನೆ, ಇನ್ನೊಂದನ್ನು ಆರಂಭಿಸಿ ಕೈಬಿಟ್ಟಿದ್ದಾನೆ, ಉಳಿದೆರಡಕ್ಕೆ ಉಳಿಯನ್ನೇ ಮುಟ್ಟಿಸಿಲ್ಲ. ಗ್ವಾಟೆಮಾಲಾದ ಟಿಕಾಲ್‌ನ ತೇದಿಯುಳ್ಳ ಕೊನೆಯ ಶಿಲಾಸ್ತಂಭ 869ರದು, ಮೆಕ್ಸಿಕೋದ ಟೊನಿನಾದ್ದು 909ರದು. ದಕ್ಷಿಣದ ನಗರಗಳು ಹೀಗೆ ಶಾಸನ ಕೆತ್ತಿಸುವುದನ್ನು ಬಿಟ್ಟು ಒಂದೊಂದಾಗಿ ಮೌನವಾಗುತ್ತಿದ್ದ ಹೊತ್ತಿನಲ್ಲೇ ಉತ್ತರದ ಉಶ್ಮಾಲ್ ಮತ್ತು ಚಿಚೆನ್ ಇಟ್ಸಾ ಏಳಿಗೆಯಲ್ಲಿದ್ದವು. ಕೊನೆಯ ಮಾಯಾ ರಾಜ್ಯ ಸ್ಪೇನಿನವರ ವಶವಾದದ್ದು 1697ರಲ್ಲಿ. ಮಾಯಾ ಭಾಷೆಗಳನ್ನು ಇಂದಿಗೂ ಲಕ್ಷಾಂತರ ಜನ ಆಡುತ್ತಾರೆ. ಆದ್ದರಿಂದ ‘ಮಾಯವಾದ ಮಾಯಾ ಜನ’ ಎಂಬ ಶೀರ್ಷಿಕೆ ಕಿವಿಗೆ ಎಷ್ಟೇ ಹಿತವಾದರೂ ಸುಳ್ಳು. ಬಿದ್ದದ್ದು ‘ಕುಹುಲ್ ಅಹಾವ್’, ಅಂದರೆ ದೈವೀ ಅರಸ, ಎಂಬ ಬಿರುದು ಹೊತ್ತವರ ಆಳ್ವಿಕೆ. ಅದಕ್ಕೆ ‘ಅರಸೊತ್ತಿಗೆಯ ಕುಸಿತ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

ಹಾಗೆಂದು ‘ಪತನ’ವನ್ನು ಪೂರ್ತಿ ಬಿಡಲೂ ಆಗದು. ಗ್ವಾಟೆಮಾಲಾದ ಅಗ್ವಾಟೆಕಾದ ಮೇಲೆ ಸುಮಾರು 810ರಲ್ಲಿ ಶತ್ರುಗಳು ಎರಗಿ ಊರ ನಡುವಣ ಮನೆಗಳಿಗೆ ಬೆಂಕಿಯಿಟ್ಟರು. ಗಡಿಗೆ, ಬೀಸುವ ಕಲ್ಲುಗಳು ಇದ್ದ ನೆಲದ ಮೇಲೆಯೇ ಉಳಿದವು. ಸೋತ ಅರಸನ ‘ಚಕಮಕಿ ಕಲ್ಲು, ಗುರಾಣಿ ಕೆಳಗೆ ಬಿದ್ದವು’ ಎಂಬುದು ಮಾಯಾ ಶಾಸನಗಳದೇ ನುಡಿಗಟ್ಟು. ಅಲ್ಲಿ ‘ಪತನ’ವೇ ಸರಿ.

ಹೆಚ್ಚು ತೊಡಕಾದದ್ದು ‘ಬರ’. ಉತ್ತರದ ಯುಕಟಾನ್ ಪರ್ಯಾಯದ್ವೀಪದ ಚಿಚಂಕನಾಬ್ ಸರೋವರದ ಕೆಸರಿನ ಪದರಗಳನ್ನು ಪರೀಕ್ಷಿಸಿದ ಸಂಶೋಧಕರು 1995ರಲ್ಲೇ ಆ ಕಾಲದ ಒಣಹವೆಯನ್ನು ಗುರುತಿಸಿದ್ದರು; ಅದೇ ಕೆಸರಿನ ಜಿಪ್ಸಮ್ ಹರಳುಗಳಲ್ಲಿ ಸೆರೆಯಾದ ನೀರನ್ನು ಅಳೆದು, ವಾರ್ಷಿಕ ಮಳೆ ಶೇ. 41ರಿಂದ 54ರಷ್ಟು ತಗ್ಗಿತ್ತೆಂದು 2018ರಲ್ಲಿ ಲೆಕ್ಕ ಹಾಕಲಾಯಿತು. ಗಮನಿಸಬೇಕಾದದ್ದು, ಅಳೆದದ್ದು ಮಳೆಯನ್ನು, ಹಸಿವನ್ನಲ್ಲ. ಕನ್ನಡದ ‘ಬರ’ದೊಳಗೆ ಮಳೆ ಬಾರದಿರುವುದೂ ಅನ್ನ ಸಿಗದಿರುವುದೂ ಒಟ್ಟಿಗೇ ಕೂತಿವೆ, ಹೀಗಾಗಿ ‘ಬರದಿಂದ ನಗರಗಳು ಬಿದ್ದವು’ ಎಂದು ಬರೆದೊಡನೆ ವಿದ್ವಾಂಸರು ಇನ್ನೂ ವಾದಿಸುತ್ತಿರುವ ಕೊಂಡಿಯನ್ನು ನಾವು ಪದದ ಬಲದಿಂದಲೇ ಬೆಸೆದುಬಿಡುತ್ತೇವೆ. ಮೊದಲೇ ಒಣಭೂಮಿಯಾದ ಉತ್ತರ ಆಗ ಏಳಿಗೆಯಲ್ಲಿದ್ದು, ಹೆಚ್ಚು ಮಳೆ ಬೀಳುವ ದಕ್ಷಿಣ ಮೊದಲು ಬರಿದಾದದ್ದೇಕೆ ಎಂಬುದು ಆ ವಾದದ ತಿರುಳು. ಅರಸರ ನಡುವಣ ಯುದ್ಧ, ಬದಲಾದ ವ್ಯಾಪಾರದ ಹಾದಿ, ಸವೆದ ಮಣ್ಣು ಇವೆಲ್ಲ ಅಲ್ಲಿ ಬರುತ್ತವೆ. ಹಾಗಾಗಿ ಮಳೆಯ ಮಾತಿಗೆ ‘ಅನಾವೃಷ್ಟಿ’, ಹಸಿವಿನ ಮಾತಿಗೆ ‘ಕ್ಷಾಮ’ ಎಂದು ಬೇರೆ ಮಾಡಿದ್ದೇನೆ. ಭಾಷೆ ಸ್ವಲ್ಪ ಬಿಗಿಯಾಯಿತು, ನಿಜ.

ಇನ್ನು ಜನ ಊರು ಬಿಟ್ಟದ್ದಕ್ಕೆ ‘ವಲಸೆ’ಗಿಂತ ಉತ್ತರ ಕರ್ನಾಟಕದ ‘ಗುಳೆ’ ಹತ್ತಿರವೆನಿಸುತ್ತದೆ. ಆದರೆ ಗುಳೆ ಹೋದವರು ಮಳೆಯಾದ ಮೇಲೆ ಮರಳುತ್ತಾರೆಂಬ ನಿರೀಕ್ಷೆ ನಾನು ಕೇಳಿದ ಬಳಕೆಯಲ್ಲಿದೆ. ಟಿಕಾಲ್‌ಗೆ ಜನ ಹಾಗೆ ಮರಳಲಿಲ್ಲ. ಬರಿದಾದ ಊರಿಗೆ ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಎಂಬ ಮಾತಿದೆ. ದೀಪವಿಲ್ಲದ್ದು ಎಂಬರ್ಥದ ಪಾರಸಿ ಪದವದು, ಊರು ಏಕೆ ಬರಿದಾಯಿತೆಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ನನಗೆ ಬೇಕಾದ ಗುಣ ಅದೇ, ಆದರೆ ತಲಾಟಿಯ ವಾಸನೆ ಬಿಡದು.

ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯವರಲ್ಲಿ ನನ್ನ ಪ್ರಶ್ನೆ ಇಷ್ಟೆ: ಹೋದವರು ಮತ್ತೆ ಬಾರದೆ ಊರೇ ಬರಿದಾದಾಗಲೂ ‘ಗುಳೆ’ ಎನ್ನುವುದುಂಟೆ, ಅಥವಾ ಅದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೆ?