‘ಮಾದರಿ ಜೀವಿ’ ಅಂದ್ರೆ ಬೇರೆ ಅರ್ಥ ಬರ್ತದಾ? ನಾಳೆಯೊಳಗೆ ಬೇಕು

ಕಾರವಾರದಲ್ಲಿ ಶಾಲೆ ಮಕ್ಕಳ ವಿಜ್ಞಾನ ಪ್ರದರ್ಶನ, ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ. ಜೀಬ್ರಾ ಮೀನಿನ ಟ್ಯಾಂಕ್ ಮೇಲೆ, ಇಂಗ್ಲಿಷಿನ ‘ಮಾಡೆಲ್ ಆರ್ಗನಿಸಂ’ಗೆ ‘ಮಾದರಿ ಜೀವಿ’ ಅಂತ ಬರೆಸೋಣ ಅಂತಿದ್ದೆ. ನಮ್ಮ ಆಫೀಸಿನ ಅಕ್ಕ ಓದಿ, ಮಾದರಿ ಶಾಲೆ, ಮಾದರಿ ಗ್ರಾಮ ಇದ್ದ ಹಾಗೆ ಇದು ಬಾಕಿ ಮೀನುಗಳಿಗೆ ಬುದ್ಧಿ ಹೇಳೋ ಮೀನಾ ಅಂತ ಕೇಳಿದ್ರು, ತಮಾಷೆಗೆ ಅಲ್ಲ. ಪಕ್ಕದ ಟೇಬಲ್ಲಲ್ಲಿ ಥರ್ಮೋಕೋಲಿನ ‘ಹೃದಯದ ಮಾದರಿ’ ಬೇರೆ ಇದೆ. ನಂಗೆ ಬೇಕಾದ್ದು, ಮನುಷ್ಯರಲ್ಲಿ ನೋಡೋಕಾಗದ್ದನ್ನ ಇದರಲ್ಲಿ ನೋಡ್ತಾರೆ ಅನ್ನೋ ಅರ್ಥ. ತತ್ತಿ ತಾಯಿ ಹೊಟ್ಟೆಯ ಹೊರಗೇ ಬೆಳೀತದೆ, ಭ್ರೂಣ ಗಾಜಿನ ಹಾಗೆ, ಸುಮಾರು 24 ತಾಸಿಗೆ ಹೃದಯ ಬಡಿಯೋದು ಮೈಕ್ರೋಸ್ಕೋಪಲ್ಲಿ ಕಾಣ್ತದೆ, ನಮ್ಮ ಜೀನ್‌ಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಇದರಲ್ಲಿ ಸರಿಸಾಟಿ ಇದೆ. ಎರಡು ಪದದಲ್ಲಿ ಮುಗೀಬೇಕು.

— — —

ಜೀವಿ, ಬ್ರೂಣ, ಹ್ರುದಯ, ಎಲ್ಲಾ ಸಕ್ಕದ, ಅಂದ್ರೆ ಸಂಸ್ಕೃತ. ‘ಒರೆಮೀನು’ ಅನ್ನಿ, ಚಿನ್ನ ಒರೆ ಹಚ್ಚಿ ನೋಡಲ್ವ ಹಾಗೆ. ಜೀನ್‌ಗೆ ಪೀಳಿ, ಸೆಲ್‌ಗೆ ಸೂಲುಗೂಡು. ಮುಗೀತು.

— — —

ಮುಗೀಲಿಲ್ಲ ಮಾರಾಯ್ರೆ. ಒರೆಗೆ ಹಚ್ಚೋದು ಚಿನ್ನವನ್ನ, ಇಲ್ಲಿ ಮೀನು ಕಲ್ಲೋ ಚಿನ್ನವೋ? ಅದಿರ್ಲಿ, ಇದರ ಶಾಸ್ತ್ರೀಯ ಹೆಸರು ಡ್ಯಾನಿಯೊ ರೆರಿಯೊ, ಅದರಲ್ಲಿ ಡ್ಯಾನಿಯೊ ಬಂಗಾಳಿಯ ‘ಧಾನಿ’, ಅಂದ್ರೆ ಭತ್ತದ ಗದ್ದೇದು. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಬರೆದು ಹೆಸರಿಟ್ಟವ ಫ್ರಾನ್ಸಿಸ್ ಹ್ಯಾಮಿಲ್ಟನ್, ಮೊದಲು ಬುಕಾನನ್ ಅಂತ ಇದ್ದವ, ಅದೇ ಆಸಾಮಿ 1801ರಲ್ಲಿ ನಮ್ಮ ಶಿರಸಿ, ಸೋಂದೆ ಕಡೆಯೆಲ್ಲ ಸುತ್ತಿ ಅಡಿಕೆ ತೋಟದ ಲೆಕ್ಕ ಬರಕೊಂಡು ಹೋದವ! ‘ಗದ್ದೆಮೀನು’ ಅನ್ನೋದೇ ನ್ಯಾಯ. ಜೀಬ್ರಾದ ಪಟ್ಟೆ ಮೇಲಿಂದ ಕೆಳಗೆ, ಇದರ ಗೆರೆ ತಲೆಯಿಂದ ಬಾಲಕ್ಕೆ, ಆ ಹೆಸರೇ ಸುಳ್ಳು.

— — —

ಕೇಳಿದ್ದು ಮೀನಿನ ಹೆಸರಲ್ಲ. ಗದ್ದೆಮೀನು ಅಂತ ಬರೆದ್ರೆ ಅಂಕೋಲೆಯವರು ಗಜನಿ, ಅಂದ್ರೆ ಉಪ್ಪುನೀರಿನ ಗದ್ದೆಯ ಮೀನು ಅಂದ್ಕೊಂಡು ಸಾರಿಗಾಗ್ತದಾ ಅಂತಾರೆ. ‘ಮಾದರಿ’ಯ ತೊಂದರೆ ಬೇರೆ, ಅದು ನಮ್ಮ ನಕಲು ಅನ್ನಿಸ್ತದೆ. ಇದರ ಹೃದಯದ ಕೆಳಕೋಣೆ ಐದರಲ್ಲೊಂದು ಪಾಲು ಕತ್ತರಿಸಿದ್ರೂ ಎರಡು ತಿಂಗಳಲ್ಲಿ ತಿರುಗಿ ಬೆಳೆಸ್ಕೊಳ್ತದೆ, ನಮ್ಮದು ಬೆಳೀತದಾ? ಹಂಗಾಗಿ ‘ಪ್ರಯೋಗದ ಮೀನು’. ಜೀನ್, ಸೆಲ್ ಹಾಗೇ ಬಿಡಿ. ಚಾವಿ, ಪಗಾರ, ಅಲಮಾರು ಪೋರ್ಚುಗೀಸರಿಂದ ತಗೊಂಡು ಕನ್ನಡ ಸತ್ತೋಗ್ಲಿಲ್ಲ.

— — —

ಚಾವಿಗೆ ಬೀಗದ ಕಯ್ ಇದೆ. ಪಗಾರ ಎಣಿಸುವಾಗ ನಿಮಗೆ ಕನ್ನಡ ನೆನಪಾಗಲ್ಲ ಅಶ್ಟೆ.

— — —

ನಿಮ್ಮ ಜಗಳ ಆಮೇಲೆ. ‘ಪ್ರಯೋಗದ ಮೀನು’ ಅಂದ್ರೆ ಕೊಯ್ಯೋಕೆ ಇಟ್ಟಿದ್ದು ಅಂತ ಸಣ್ಣ ಮಕ್ಕಳು ಅಳ್ತಾರೆ. ‘ಜೀಬ್ರಾ ಮೀನು: ನಮ್ಮ ಮೈ ಅರಿಯಲು ಸಾಕಿದ್ದು’ ಅಂತ ಬರೆದುಕೊಟ್ಟೆ. ಧಾನಿ ಕತೆ ಕೆಳಗೆ ಚೀಟೀಲಿ ಹಾಕ್ತೆ. ಪೇಂಟರ್ ಅಕ್ಷರ ಲೆಕ್ಕದಲ್ಲಿ ದುಡ್ಡು ತಗೊಳ್ಳೋದು, ಒರೆಮೀನಿಗಾದ್ರೆ ನಾಲ್ಕೇ ಇತ್ತು.