ಬಟನ್ ಒತ್ತಿದರೆ ಏನೂ ಆಗಲ್ಲ, ಪೇಜ್ ತೆರೆದರೆ ಆರ್ಡರ್ ಸೇವ್ ಆಗುತ್ತದೆ. ಯಾಕೆ?

ಪಾಂಡವಪುರ ಹುಡುಗ:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಬಿಸಿಎ ಕೊನೆ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ನಮ್ಮ ಚಿಕ್ಕಪ್ಪನ ಆಲೆಮನೆಗೆ ಒಂದು ಆರ್ಡರ್ ಪೇಜ್ ಮಾಡುತ್ತಿದ್ದೇನೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ, ಮೂರೇ ಐಟಂ. ಎಷ್ಟು ಕೆಜಿ ಅಂತ ಹಾಕಿದರೆ ಜಾವಾಸ್ಕ್ರಿಪ್ಟ್ ಒಟ್ಟು ಬೆಲೆ ತೋರಿಸುತ್ತದೆ. ಅದು ಸರಿಯಾಗಿ ಬರುತ್ತಿದೆ. ಆ ಮೊತ್ತವನ್ನೇ ಪೇಜ್‌ನಲ್ಲಿ ಕಣ್ಣಿಗೆ ಕಾಣದ ಹಿಡನ್ ಫೀಲ್ಡ್‌ನಲ್ಲಿಟ್ಟು ಕಳಿಸೋಣ ಅಂತಿದ್ದೇನೆ.

ತೊಂದರೆ ಇರುವುದು 'ಆರ್ಡರ್ ಮಾಡಿ' ಬಟನ್‌ನಲ್ಲಿ. ಆರ್ಡರನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಸೇರಿಸಲು ಪಿಎಚ್‌ಪಿ ಭಾಷೆಯಲ್ಲಿ ಒಂದು ಫಂಕ್ಷನ್ ಬರೆದೆ. ಬಟನ್ ಒತ್ತಿದಾಗ ಓಡಬೇಕಾದ ಆನ್‌ಕ್ಲಿಕ್ ಒಳಗೆ ಪಿಎಚ್‌ಪಿ ಟ್ಯಾಗ್ ಹಾಕಿ ಅದನ್ನು ಕರೆದೆ. ಒತ್ತಿದರೆ ಏನೂ ಆಗಲ್ಲ, ಎರರ್ ಕೂಡ ಇಲ್ಲ. ಆದರೆ ಟೇಬಲ್ ತೆರೆದು ನೋಡಿದರೆ ಖಾಲಿ ಆರ್ಡರ್‌ಗಳು ಸಾಲಾಗಿ ಕೂತಿವೆ. ಪೇಜ್ ರಿಫ್ರೆಶ್ ಮಾಡಿದಾಗಲೆಲ್ಲ ಒಂದೊಂದು ಸೇರುತ್ತಿದೆ, ಬಟನ್ ಮುಟ್ಟದಿದ್ದರೂ!

ಪಿಎಚ್‌ಪಿ ಬಿಟ್ಟು, ಸರ್ವರ್‌ನಲ್ಲೂ ಜಾವಾಸ್ಕ್ರಿಪ್ಟ್ ಓಡಿಸುವ 'ನೋಡ್'ಗೆ ಹೋಗು, ಎಲ್ಲಾ ಕಡೆ ಜಾವಾಸ್ಕ್ರಿಪ್ಟೇ ಆದರೆ ಪೇಜ್ ಕಳಿಸುವ ಸರ್ವರ್, ಪೇಜ್ ತೆರೆಯುವ ಕ್ಲೈಂಟ್ ಅನ್ನುವ ಈ ಗೊಂದಲವೇ ಇರಲ್ಲ ಅಂತ ಫ್ರೆಂಡ್ ಹೇಳುತ್ತಾನೆ. ಹೌದಾ?

ಮದ್ದೂರಿನವ:

ಆನ್‌ಕ್ಲಿಕ್‌ನಿಂದ ಪಿಎಚ್‌ಪಿ ಫಂಕ್ಷನ್ ಕರೆಯಲು ಆಗಲ್ಲ. ಒಂದು ಫಾರ್ಮ್ ಹಾಕಿ, ಮೆಥಡ್ ಪೋಸ್ಟ್ ಕೊಡಿ, ಆಕ್ಷನ್‌ನಲ್ಲಿ ಆರ್ಡರ್ ಸೇವ್ ಮಾಡುವ ಬೇರೆ ಫೈಲ್‌ನ ಹೆಸರು ಬರೆಯಿರಿ. ಪೇಜ್ ಬದಲಾಗಬಾರದು ಅಂದರೆ ಜಾವಾಸ್ಕ್ರಿಪ್ಟ್‌ನ ಫೆಚ್ ಬಳಸಿ.

ಸರಸ್ವತಿಪುರಂ ಅಕ್ಕ:

ತಮ್ಮಾ, ಮೇಲಿನವರು ಹೇಳಿದ್ದು ಸರಿ. ಆದರೆ ಆ ಖಾಲಿ ಸಾಲುಗಳು ಎಲ್ಲಿಂದ ಬಂದವು ಅಂತ ತಿಳಿಯದೆ ಕೋಡ್ ಬದಲಿಸಿಬಿಟ್ಟರೆ ಇದೇ ತೊಂದರೆ ನಾಳೆ ಇನ್ನೊಂದು ಕಡೆ ತಲೆ ಎತ್ತುತ್ತದೆ. ನಾನು ಮೈಸೂರಿನಲ್ಲಿ ವೆಬ್ ಕೆಲಸವನ್ನೇ ಮಾಡುವವಳು, ಶನಿವಾರ ಕಾಲೇಜು ಮಕ್ಕಳಿಗೆ ಹೇಳಿಕೊಡುತ್ತೇನೆ. ಈ ಪ್ರಶ್ನೆ ಬರದ ಬ್ಯಾಚೇ ಇಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕ್ರೋಮ್‌ನಲ್ಲಿ ನಿನ್ನ ಪೇಜ್ ಮೇಲೆ ರೈಟ್ ಕ್ಲಿಕ್ ಮಾಡಿ 'ವ್ಯೂ ಪೇಜ್ ಸೋರ್ಸ್' ತೆರೆ. ಬಟನ್ ಇರುವ ಸಾಲು ಹುಡುಕು. ಆನ್‌ಕ್ಲಿಕ್ ಮುಂದೆ ಎರಡು ಕೋಟ್ ಗುರುತು ಇರುತ್ತವೆ, ನಡುವೆ ಏನೂ ಇರಲ್ಲ. ನೀನು ಬರೆದ ಪಿಎಚ್‌ಪಿಯ ಒಂದಕ್ಷರವೂ ಅಲ್ಲಿ ಸಿಗಲ್ಲ. ಯಾಕೆಂದರೆ ಬ್ರೌಸರ್ ಪೇಜ್ ಕೇಳಿದ ಕೂಡಲೇ ಸರ್ವರ್ ಆ ಫೈಲನ್ನು ಮೇಲಿಂದ ಕೆಳಗೆ ಓಡಿಸಿತು. ಬಟನ್ ಸಾಲಿಗೆ ಬಂದಾಗ ನಿನ್ನ ಫಂಕ್ಷನ್ನೂ ಓಡಿತು, ಟೇಬಲ್‌ಗೆ ಖಾಲಿ ಆರ್ಡರ್ ಸೇರಿತು. ಫಂಕ್ಷನ್ ಏನೂ ಎಕೋ ಮಾಡಲಿಲ್ಲ, ಅಂದರೆ ಪೇಜ್‌ಗೆ ಏನೂ ಬರೆಯಲಿಲ್ಲ, ಹಾಗಾಗಿ ಆ ಜಾಗ ಖಾಲಿ ಉಳಿಯಿತು. ಬ್ರೌಸರ್ ಕೈಗೆ ಎಚ್‌ಟಿಎಂಎಲ್ ಬರುವಷ್ಟರಲ್ಲಿ ಪಿಎಚ್‌ಪಿ ಕೆಲಸ ಮುಗಿಸಿ ಹೋಗಿ ಆಗಿದೆ. ಆಮೇಲೆ ನೀನು ಬಟನ್ ಎಷ್ಟು ಒತ್ತಿದರೂ ಓಡಲು ಅಲ್ಲಿ ಏನಿದೆ ಹೇಳು?

ಇಷ್ಟು ಸರಳ ವಿಷಯ ಯಾಕೆ ಇಷ್ಟು ಜನರಿಗೆ ಹತ್ತುವುದಿಲ್ಲ? ನನ್ನ ಪ್ರಕಾರ ಕಾರಣ ಜ್ಯಾಂಪ್, ಅಂದರೆ ನಿನ್ನ ಲ್ಯಾಪ್‌ಟಾಪನ್ನೇ ಸರ್ವರ್ ಮಾಡುವ ಸಾಫ್ಟ್‌ವೇರ್. ಸರ್ವರ್ರೂ ನಿನ್ನ ಲ್ಯಾಪ್‌ಟಾಪಲ್ಲೇ, ಬ್ರೌಸರ್ರೂ ಅದರಲ್ಲೇ. ವಿಳಾಸ ಕೂಡ ಲೋಕಲ್‌ಹೋಸ್ಟ್, ಅಂದರೆ ಇದೇ ಮಷೀನ್. ಎರಡು ಬೇರೆ ಬೇರೆ ಕೆಲಸ ನಡೆಯುತ್ತಿದೆ ಅನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ. ಪುಸ್ತಕದಲ್ಲಿ ಸರ್ವರ್, ಕ್ಲೈಂಟ್ ಅಂತ ಎರಡು ಡಬ್ಬಿ ಬರೆದು ನಡುವೆ ಬಾಣ ಹಾಕಿರುತ್ತಾರೆ. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆ ಬರೆಯುತ್ತಾರೆ, ಕೋಡ್‌ಗೆ ಕೂತಾಗ ಮರೆಯುತ್ತಾರೆ.

ಅದಕ್ಕೇ ಮೊದಲ ದಿನವೇ ನಾನು ಮೊಬೈಲ್ ತೆಗೆಸುತ್ತೇನೆ. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಒಂದೇ ವೈಫೈಗೆ ಸೇರಿಸು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟರೆ ಐಪಿವಿ4 ಎದುರು ಒಂದು ನಂಬರ್ ಬರುತ್ತದೆ, ಮನೆ ವೈಫೈ ಆದರೆ ಸಾಮಾನ್ಯವಾಗಿ 192.168 ಅಂತ ಶುರುವಾಗುವಂಥದ್ದು. ಮೊಬೈಲ್ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಬದಲು ಆ ನಂಬರ್ ಹಾಕಿ ಪೇಜ್ ತೆರೆ. ತೆರೆಯದಿದ್ದರೆ ವಿಂಡೋಸ್ ಫೈರ್‌ವಾಲ್ ಜ್ಯಾಂಪ್‌ನ ವೆಬ್ ಸರ್ವರ್ ಆದ ಅಪಾಚೆಯನ್ನು ತಡೆಯುತ್ತಿದೆಯಾ ನೋಡು. ಈಗ ಪೇಜ್‌ನಲ್ಲಿ ಎರಡು ಸಾಲು ಸೇರಿಸು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಅಲರ್ಟ್, ಪಿಎಚ್‌ಪಿಯಲ್ಲಿ ಒಂದು ಟೆಕ್ಸ್ಟ್ ಫೈಲ್‌ಗೆ ಏನಾದರೂ ಬರೆಯುವ ಸಾಲು. ಅಲರ್ಟ್ ನಿನ್ನ ಕೈಯಲ್ಲಿರುವ ಮೊಬೈಲ್‌ನಲ್ಲಿ ಬರುತ್ತದೆ. ಟೆಕ್ಸ್ಟ್ ಫೈಲ್ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ನಲ್ಲಿ ಹುಟ್ಟುತ್ತದೆ. ಇದನ್ನು ಒಂದು ಸಲ ಕಣ್ಣಾರೆ ಕಂಡವರು ಆಮೇಲೆ ಪ್ರತಿ ಸಾಲು ಬರೆಯುವಾಗಲೂ 'ಇದು ಯಾವ ಮಷೀನಲ್ಲಿ ಓಡುತ್ತದೆ' ಅಂತ ತಾವೇ ಕೇಳಿಕೊಳ್ಳುತ್ತಾರೆ.

ನಿನ್ನ ಫ್ರೆಂಡ್ ಮಾತಿಗೂ ಉತ್ತರ ಇದರಲ್ಲೇ ಇದೆ. ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎರಡೂ ಹೊರಬಂದದ್ದು 1995ರಲ್ಲಿ. ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿ ಮಾಡಿದ್ದು ಸರ್ವರ್‌ನಲ್ಲಿ ಓಡಲಿ ಅಂತ, ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಮಾಡಿದ್ದು ಬ್ರೌಸರ್‌ಗೆ. 2009ರಲ್ಲಿ ರಯಾನ್ ಡಾಲ್ ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ತೆಗೆದುಕೊಂಡು ನೋಡ್ ಕಟ್ಟಿದರು, ಜಾವಾಸ್ಕ್ರಿಪ್ಟ್ ಸರ್ವರ್‌ನಲ್ಲೂ ಓಡತೊಡಗಿತು. ಆದರೆ ಮಷೀನ್‌ಗಳು ಎರಡಾಗಿಯೇ ಉಳಿದವು. ನೋಡ್‌ನಲ್ಲಿ ಅಲರ್ಟ್ ಬರೆದು ನೋಡು, ಅಂಥದ್ದು ಇಲ್ಲ ಅಂತ ಎರರ್ ಬರುತ್ತದೆ, ಅಲ್ಲಿ ತೋರಿಸಲು ವಿಂಡೋನೇ ಇಲ್ಲವಲ್ಲ. ಭಾಷೆ ಒಂದೇ ಆದರೆ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ ಅಂತಲೇ ನನಗನ್ನಿಸುವುದು. ಪಿಎಚ್‌ಪಿಯಲ್ಲೇ ಇರು.

ಇನ್ನು ಆ ಹಿಡನ್ ಫೀಲ್ಡ್. ನೀನು ಕೇಳದಿದ್ದರೂ ಹೇಳಲೇಬೇಕು, ಯಾಕೆಂದರೆ ಇದು ಚಿಕ್ಕಪ್ಪನ ದುಡ್ಡಿನ ವಿಷಯ. ಎಫ್12 ಒತ್ತು, ಎಲಿಮೆಂಟ್ಸ್‌ನಲ್ಲಿ ಆ ಫೀಲ್ಡ್ ಹುಡುಕು, 600 ಇದ್ದಲ್ಲಿ 6 ಅಂತ ತಿದ್ದಿ ಆರ್ಡರ್ ಕಳಿಸು. ನಿನ್ನ ಸರ್ವರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಬ್ರೌಸರ್‌ಗೆ ಹೋದ ಯಾವುದೂ ನಿನ್ನ ಕೈಯಲ್ಲಿ ಇರಲ್ಲ, ಅದು ಗಿರಾಕಿಯ ಮಷೀನ್. ಅವರು ಜಾವಾಸ್ಕ್ರಿಪ್ಟನ್ನೇ ಆಫ್ ಮಾಡಬಹುದು, ಬ್ರೌಸರ್ ಇಲ್ಲದೆ ನೇರವಾಗಿ ರಿಕ್ವೆಸ್ಟ್ ಕಳಿಸಬಹುದು. ಆದ್ದರಿಂದ ಯಾವ ಬೆಲ್ಲ, ಎಷ್ಟು ಕೆಜಿ, ಇವೆರಡನ್ನೇ ತರಿಸಿಕೋ. ಬೆಲೆಯನ್ನು ನಿನ್ನ ಡೇಟಾಬೇಸ್‌ನಿಂದ ಓದಿ ಸರ್ವರ್‌ನಲ್ಲೇ ಗುಣಿಸು. ಕೆಜಿ ಜಾಗದಲ್ಲಿ ಮೈನಸ್ 5 ಬಂದರೆ ತಿರಸ್ಕರಿಸು. ಗಿರಾಕಿ ಬರೆದದ್ದು ಡೇಟಾಬೇಸ್‌ಗೆ ಆಜ್ಞೆಯಾಗಿ ಹೋಗದಂತೆ ಕ್ವೆರಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸು. ಜಾವಾಸ್ಕ್ರಿಪ್ಟ್ ಲೆಕ್ಕವನ್ನು ತೆಗೆಯಬೇಡ, ಗಿರಾಕಿಗೆ ಕೂಡಲೇ ಮೊತ್ತ ಕಾಣುವುದು ಒಳ್ಳೆಯದೇ. ಅದು ತೋರಿಸಲು ಮಾತ್ರ.

ಹಾಗೇ, ಪೇಜ್ ತೆರೆದರೆ ಡೇಟಾ ಬದಲಾಗುವಂತೆ ಎಂದೂ ಬರೆಯಬೇಡ. ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಪ್ರಿವ್ಯೂ ತೋರಿಸಲು ಅದೂ ಪೇಜನ್ನು ಕೇಳುತ್ತದೆ. ಗೂಗಲ್ ಕೂಡ ಕೇಳುತ್ತದೆ. ಒಂದೊಂದಕ್ಕೂ ಒಂದು ಆರ್ಡರ್ ಬಿದ್ದರೆ ಚಿಕ್ಕಪ್ಪ ಯಾರಿಗೆ ಅಂತ ಬೆಲ್ಲ ಕಟ್ಟುತ್ತಾರೆ?

ಪಾಂಡವಪುರ ಹುಡುಗ:

ಅಕ್ಕ, ತುಂಬಾ ಥ್ಯಾಂಕ್ಸ್. ಮೊಬೈಲ್‌ನಿಂದ ತೆರೆದೆ, ನೀವು ಹೇಳಿದ ಹಾಗೇ ಆಯಿತು. ಬೆಲೆ ಲೆಕ್ಕವನ್ನೂ ಸರ್ವರ್‌ಗೆ ತಂದೆ. ಈಗ ಇನ್ನೊಂದು ವಿಚಿತ್ರ. ಪೇಜ್‌ನಲ್ಲಿ ಜಾವಾಸ್ಕ್ರಿಪ್ಟ್ ತೋರಿಸುವ ಸಮಯ ಸರಿ ಇದೆ. ಪಿಎಚ್‌ಪಿಯ ಡೇಟ್ ಫಂಕ್ಷನ್ ಸೇವ್ ಮಾಡುವ ಸಮಯ ಮೂರೂವರೆ ಗಂಟೆ ಹಿಂದೆ. ಲ್ಯಾಪ್‌ಟಾಪ್ ಗಡಿಯಾರ ಸರಿಯಾಗೇ ಇದೆ. ಜಾವಾಸ್ಕ್ರಿಪ್ಟ್ ಸಮಯವನ್ನೇ ಕಳಿಸಿಬಿಡಲಾ?

ಸರಸ್ವತಿಪುರಂ ಅಕ್ಕ:

ಬೇಡ. ಮೊಬೈಲ್ ಗಡಿಯಾರವನ್ನು ಗಿರಾಕಿ ಹೇಗೆ ಬೇಕಾದರೂ ತಿರುಗಿಸಬಹುದು, ಅಲ್ವಾ? ಆರ್ಡರ್ ಸಮಯ ಸರ್ವರ್‌ದೇ ಇರಲಿ. ಜ್ಯಾಂಪ್ ಜೊತೆ ಬರುವ ಪಿಎಚ್‌ಪಿ ಡಾಟ್ ಐಎನ್‌ಐ ಅನ್ನುವ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಟೈಮ್‌ಝೋನ್ 'ಯುರೋಪ್/ಬರ್ಲಿನ್' ಅಂತ ಇರುತ್ತದೆ. ಅವರ ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. 'ಏಷ್ಯಾ/ಕೋಲ್ಕತಾ' ಅಂತ ಬದಲಿಸಿ ಅಪಾಚೆ ರೀಸ್ಟಾರ್ಟ್ ಮಾಡು. ಹೋಸ್ಟಿಂಗ್‌ಗೆ ಹಾಕಿದ ಮೇಲೆ ಇನ್ನೊಮ್ಮೆ ನೋಡು. ಅಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇದ್ದರೆ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ.

ಮದ್ದೂರಿನವ:

ಒಂದು ಸೇರಿಸುತ್ತೇನೆ. ಆರ್ಡರ್ ಸೇವ್ ಆದ ಕೂಡಲೇ ಅದೇ ಫೈಲ್‌ನಲ್ಲಿ 'ಧನ್ಯವಾದ' ತೋರಿಸಬೇಡಿ. ಆಗ ರಿಫ್ರೆಶ್ ಕೊಟ್ಟರೆ ಬ್ರೌಸರ್ ಫಾರ್ಮನ್ನು ಮತ್ತೆ ಕಳಿಸಲಾ ಅಂತ ಕೇಳುತ್ತದೆ. ಜನ ಓದದೆ ಹೂಂ ಅಂತಾರೆ, ಆರ್ಡರ್ ಎರಡಾಗುತ್ತದೆ. ಹೆಡರ್ ಫಂಕ್ಷನ್‌ನಲ್ಲಿ ಲೊಕೇಶನ್ ಕೊಟ್ಟು ಬೇರೆ ಪೇಜ್‌ಗೆ ಕಳಿಸಿ, ಮುಂದಿನ ಸಾಲಲ್ಲೇ ಎಕ್ಸಿಟ್ ಬರೆಯಿರಿ. ಅದಕ್ಕೂ ಮುಂಚೆ ಫೈಲ್‌ನಲ್ಲಿ ಏನೂ ಎಕೋ ಆಗಿರಬಾರದು, ಪಿಎಚ್‌ಪಿ ಟ್ಯಾಗ್ ಮುಂದೆ ಒಂದು ಖಾಲಿ ಸಾಲು ಕೂಡ ಬೇಡ.